ಬ್ರೋಷರ್ ಬದಿಗಿಡಿ, ಪಿಡಿಎಫ್ ತೆಗೆಯಿರಿ

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ಖಾಸಗಿ ವಿಶ್ವವಿದ್ಯಾಲಯಗಳ ಬ್ರೋಷರ್‌ಗಳು ಮನೆ ತುಂಬುತ್ತವೆ. ಎಲ್ಲದರಲ್ಲೂ ಅದೇ ಹಸಿರು ಲಾನ್, ಅದೇ ನಗುಮುಖ, ಅದೇ ‘ಶೇ 95 ಪ್ಲೇಸ್‌ಮೆಂಟ್’. ಇದನ್ನು ನಂಬಿ ಸೀಟು ಹಿಡಿಯುವುದು ಮದುವೆ ಆಲ್ಬಮ್ ನೋಡಿ ಸಂಸಾರ ಅಳೆದಂತೆ. ಅದೇ ವಿ.ವಿ. ತಾನೇ ತುಂಬಿ ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಇನ್ನೊಂದು ದಾಖಲೆ ಇರುತ್ತದೆ. ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಸಂಸ್ಥೆ ಅದನ್ನು ತನ್ನ ಜಾಲತಾಣದಲ್ಲೂ ಹಾಕಬೇಕು. ಕೆಳಗಡೆ ಎಲ್ಲೋ ಮೂಲೆಯಲ್ಲಿ ‘ಎನ್‌ಐಆರ್‌ಎಫ್’ ಎಂಬ ಕೊಂಡಿ ಸಿಗುತ್ತದೆ. ಎಷ್ಟನೇ ರ‍್ಯಾಂಕ್ ಎಂಬುದನ್ನು ಮರೆತುಬಿಡಿ, ಪಿಡಿಎಫ್ ಇಳಿಸಿಕೊಳ್ಳಿ. ಓವರಾಲ್, ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಎಂದು ಬೇರೆ ಬೇರೆ ಇರುತ್ತವೆ. ನಿಮ್ಮ ಕೋರ್ಸಿನದ್ದನ್ನೇ ತೆಗೆಯಿರಿ.

ಅದಕ್ಕೂ ಮೊದಲು ಸಂಸ್ಥೆಯ ಜಾತಕ. ಖಾಸಗಿ ವಿ.ವಿ. ಎಂದರೆ ರಾಜ್ಯ ಶಾಸನಸಭೆ ಪ್ರತ್ಯೇಕ ಕಾಯ್ದೆ ಮಾಡಿ ಹುಟ್ಟುಹಾಕಿದ್ದು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 2(ಎಫ್) ಕಲಮಿನಡಿ ಬರುವಂಥದ್ದು. ಅಲಯನ್ಸ್, ಅಜೀಂ ಪ್ರೇಮ್‌ಜಿ, ಪಿಇಎಸ್, ರೇವಾ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿ.ವಿ., ಕಲಬುರಗಿಯ ಶರಣಬಸವ ಇವೆಲ್ಲ ಈ ಸಾಲಿನವು. ಮಣಿಪಾಲ, ಕ್ರೈಸ್ಟ್, ಜೈನ್, ನಿಟ್ಟೆ ‘ಡೀಮ್ಡ್’, ಅಂದರೆ ಅದೇ ಕಾಯ್ದೆಯ 3ನೇ ಕಲಮಿನವು. ಹೆಸರು ಕೇಳಿದರೆ ಒಂದೇ ಅನಿಸಿದರೂ ಜೇಬಿಗೆ ವ್ಯತ್ಯಾಸ ದೊಡ್ಡದು. ರಾಜ್ಯ ಕಾಯ್ದೆಯ ಖಾಸಗಿ ವಿ.ವಿ.ಗಳ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 40 ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಕಡಿಮೆ ಶುಲ್ಕದ ಸರ್ಕಾರಿ ಕೋಟಾದಲ್ಲಿ ಹಂಚಿಕೆಯಾಗುತ್ತವೆ. ಇನ್ನೊಂದು ಮಾತು: ಖಾಸಗಿ ವಿ.ವಿ. ಬೇರೆ ಕಾಲೇಜುಗಳನ್ನು ತನ್ನ ಸಂಯೋಜನೆಗೆ ಸೇರಿಸಿಕೊಳ್ಳುವಂತಿಲ್ಲ. ಯಾವುದೋ ಊರಿನ ಕಾಲೇಜು ‘ನಾವು ಇಂಥ ಖಾಸಗಿ ವಿ.ವಿ.ಗೆ ಅಫಿಲಿಯೇಟ್ ಆಗಿದ್ದೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ಪಿಡಿಎಫ್. ಪ್ಲೇಸ್‌ಮೆಂಟ್ ಕೋಷ್ಟಕ ಮೊದಲು ನೋಡಿ. ಅಲ್ಲಿ ಒಂದೇ ಬ್ಯಾಚಿನ ಕಥೆ ಎಡದಿಂದ ಬಲಕ್ಕೆ ಸಾಗುತ್ತದೆ: ಮೊದಲ ವರ್ಷ ಸೇರಿದವರು, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು, ನಿಗದಿತ ಅವಧಿಯಲ್ಲೇ ಪಾಸಾದವರು, ಕೆಲಸ ಸಿಕ್ಕವರು, ಅವರ ಮೀಡಿಯನ್ ಸಂಬಳ, ಉನ್ನತ ವ್ಯಾಸಂಗಕ್ಕೆ ಹೋದವರು. ಲೆಕ್ಕಕ್ಕೆಂದು ಒಂದು ಕಲ್ಪಿತ ಉದಾಹರಣೆ: 900 ಮಂದಿ ಸೇರಿದರು, 60 ಮಂದಿ ಲ್ಯಾಟರಲ್, ಒಟ್ಟು 960. ನಾಲ್ಕು ವರ್ಷದಲ್ಲಿ ಪಾಸಾದವರು 720. ಕೆಲಸ 400, ಉನ್ನತ ವ್ಯಾಸಂಗ 70. ಪಾಸಾದವರಲ್ಲಿ ದಾರಿ ಸಿಕ್ಕವರು ಶೇ 65. ಸೇರಿದವರ ಲೆಕ್ಕ ಹಿಡಿದರೆ ಶೇ 49. ಹಾಗಾದರೆ ಬ್ರೋಷರಿನ ಶೇ 95 ಎಲ್ಲಿಂದ ಬಂತು? ಬ್ಯಾಕ್‌ಲಾಗ್ ಇಲ್ಲದ, ನಿಗದಿತ ಸಿಜಿಪಿಎ ಇರುವ, ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ನೋಂದಾಯಿಸಿದವರನ್ನಷ್ಟೇ ‘ಅರ್ಹರು’ ಎಂದು ಎಣಿಸಿದರೆ ಆ ಅಂಕಿ ಸಲೀಸಾಗಿ ಹುಟ್ಟುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಛೇದ ಬದಲಾಗಿದೆ ಅಷ್ಟೆ.

ಈ ಸಾಲಿನಲ್ಲಿ ನಿಜವಾಗಿ ಕಾಡಬೇಕಾದದ್ದು ನಾಲ್ಕು ವರ್ಷದಲ್ಲಿ ಪಾಸಾಗದೆ ಉಳಿದ 240 ಮಂದಿ. ಅವರು ಎಲ್ಲಿ ಎಡವಿದರು? ಸಾಮಾನ್ಯವಾಗಿ ಮೊದಲ ಎರಡು ಸೆಮಿಸ್ಟರಿನ ಗಣಿತದಲ್ಲಿ. ಡಿಪ್ಲೊಮಾದವರಾದರೆ ಮೂರನೇ ಸೆಮಿಸ್ಟರಿಗೆ ನೇರ ಧುಮುಕಿ ಅಲ್ಲಿಯ ಗಣಿತದಲ್ಲಿ. ಸಂಬಳದ ವಿಷಯಕ್ಕೆ ಬಂದರೆ, ‘ಅತಿ ಹೆಚ್ಚಿನ ಪ್ಯಾಕೇಜ್’ ಒಬ್ಬನ ಅದೃಷ್ಟ. ಮೀಡಿಯನ್ ಎಂದರೆ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತವನ ಸಂಬಳ. ಅದನ್ನೇ ನಾಲ್ಕು ವರ್ಷದ ಒಟ್ಟು ಖರ್ಚಿನ ಪಕ್ಕ ಇಟ್ಟು ನೋಡಿ. ಆ ಮೀಡಿಯನ್ ಕೂಡ ಕೆಲಸ ಸಿಕ್ಕವರದ್ದು ಮಾತ್ರ ಎಂಬುದು ನೆನಪಿರಲಿ.

‘ನಮ್ಮಲ್ಲಿ ಎಲ್ಲ ವರ್ಗದ ವಿದ್ಯಾರ್ಥಿಗಳಿದ್ದಾರೆ’ ಎಂಬ ಮಾತನ್ನು ಒರೆಗೆ ಹಚ್ಚಲು ವಿದ್ಯಾರ್ಥಿ ಸಂಖ್ಯೆಯ ಕೋಷ್ಟಕವಿದೆ. ಗಂಡು, ಹೆಣ್ಣು, ರಾಜ್ಯದವರು, ಹೊರರಾಜ್ಯ, ವಿದೇಶ, ಆರ್ಥಿಕವಾಗಿ ಹಿಂದುಳಿದವರು, ಸಾಮಾಜಿಕವಾಗಿ ಹಿಂದುಳಿದವರು. ಕೊನೆಯದರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಮೂರೂ ಸೇರಿರುತ್ತವೆ. ನಮ್ಮ ರಾಜ್ಯದಲ್ಲಿ ಒಬಿಸಿ ಪಟ್ಟಿ ಎಷ್ಟು ಅಗಲ ಎಂದು ಗೊತ್ತಲ್ಲ. ಹೀಗಾಗಿ ಈ ಅಂಕಿ ದೊಡ್ಡದಿದ್ದರೆ ಬೀಗಬೇಕಾದ್ದಿಲ್ಲ. ಬೇಳೆ ಬೆಂದಿದೆಯೋ ಇಲ್ಲವೋ ಹೇಳುವುದು ಅದರ ಬಲಕ್ಕಿರುವ ನಾಲ್ಕು ಅಂಕಣಗಳು: ಪೂರ್ತಿ ಬೋಧನಾ ಶುಲ್ಕ ಸರ್ಕಾರದಿಂದ ಮರಳಿ ಪಡೆದವರು, ವಿ.ವಿ.ಯ ಸ್ವಂತ ನಿಧಿಯಿಂದ ಪಡೆದವರು, ಖಾಸಗಿ ದಾನಿಗಳಿಂದ ಪಡೆದವರು, ಯಾರಿಂದಲೂ ಪೂರ್ತಿ ಸಿಗದವರು. ಎರಡನೆಯ ಅಂಕಣದಲ್ಲಿ ಸೊನ್ನೆಯೋ ಒಂದಂಕಿಯೋ ಇದ್ದು, ಬ್ರೋಷರಿನಲ್ಲಿ ‘ಕೋಟ್ಯಂತರ ರೂಪಾಯಿ ಸ್ಕಾಲರ್‌ಶಿಪ್’ ಎಂದಿದ್ದರೆ, ಅದು ಬಹುಪಾಲು ಅಂಕ ನೋಡಿ ಕೊಡುವ ಶುಲ್ಕ ರಿಯಾಯಿತಿ. ಮುಂದಿನ ವರ್ಷ ಸಿಜಿಪಿಎ ಜಾರಿದರೆ ಅದೂ ಜಾರುತ್ತದೆ. ಷರತ್ತನ್ನು ಬರಹದಲ್ಲಿ ಕೇಳಿ.

ಸರ್ಕಾರದ ಹಣ ನೆಚ್ಚಿಕೊಂಡವರು ಎಡವುವ ಜಾಗ ಎರಡು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದ ಎಸ್‌ಸಿ ವಿದ್ಯಾರ್ಥಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಬರುವುದಿಲ್ಲ. ಇದನ್ನು ಕೌಂಟರಿನಲ್ಲಿ ಕುಳಿತವರು ತಾವಾಗಿ ಹೇಳುತ್ತಾರೆಂದು ಕಾಯಬೇಡಿ. ಎರಡನೆಯದು, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಎಲ್ಲ ಸರಿಯಿದ್ದೂ ಹಣ ಜಮೆಯಾಗದಿರುವುದು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು, ಖಾತೆ ಎನ್‌ಪಿಸಿಐನಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಆಧಾರ್‌ಗೆ ಸೀಡ್, ಅಂದರೆ ಜೋಡಣೆ, ಆಗಿರಬೇಕು. ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಕಾನೂನೇ ಸ್ವಲ್ಪ ಕೈಬಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಶೇ 5 ಮೀಸಲು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಪಿಡಿಎಫ್‌ನಲ್ಲಿ ಗಾಲಿಕುರ್ಚಿ ಇದೆಯೇ, ಲಿಫ್ಟ್, ರ‍್ಯಾಂಪ್, ವಿಶೇಷ ಶೌಚಾಲಯ ಎಷ್ಟು ಕಟ್ಟಡಗಳಲ್ಲಿ ಇವೆ ಎಂಬ ಪ್ರಶ್ನೆಗಳಿವೆ. ಕಟ್ಟಡಗಳ ಪ್ರಶ್ನೆಗೆ ಬಹುತೇಕ ಎಲ್ಲರೂ ‘ಶೇ 80ಕ್ಕಿಂತ ಹೆಚ್ಚು’ ಎಂದೇ ಆರಿಸುತ್ತಾರೆ. ಇದೊಂದನ್ನು ನಂಬದೆ ಹೋಗಿ ನೋಡಿ. ಗ್ರಂಥಾಲಯದ ಮೇಲಿನ ಮಹಡಿ, ಹಾಸ್ಟೆಲ್‌ನ ಸ್ನಾನಗೃಹ, ಪರೀಕ್ಷಾ ವಿಭಾಗದ ಮೆಟ್ಟಿಲು. ಬರೆಯುವ ಸಹಾಯಕ ಬೇಕಿದ್ದವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೊಡುವ ಆದೇಶ ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ಇದೆಯೇ ಎಂದು ಕೇಳಿ.

ಸಂಶೋಧನೆಗೆ ಬಂದರೆ ಪ್ರಬಂಧಗಳ ಸಂಖ್ಯೆಗೆ ಬೆರಗಾಗಬೇಡಿ, ಅದನ್ನು ಉಬ್ಬಿಸುವುದು ಸುಲಭ. ಉಬ್ಬಿಸಲು ಕಷ್ಟವಾದದ್ದು ಹೊರಗಿನ ಹಣ: ಪ್ರಾಯೋಜಿತ ಯೋಜನೆಗಳು ಎಷ್ಟು, ಎಷ್ಟು ಸಂಸ್ಥೆಗಳಿಂದ, ಎಷ್ಟು ರೂಪಾಯಿ. ಮೂರು ವರ್ಷದ ಅಂಕಿ ಒಟ್ಟಿಗೆ ಇರುತ್ತದೆ. ಪಕ್ಕದಲ್ಲೇ ಪ್ರಯೋಗಾಲಯದ ಹೊಸ ಉಪಕರಣಕ್ಕೆ ಮಾಡಿದ ಖರ್ಚು. ಅದನ್ನು ವಿದ್ಯಾರ್ಥಿ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ.

ಪಿಎಚ್‌.ಡಿ. ಸೇರುವವರು ಪೂರ್ಣಾವಧಿ, ಅರೆಕಾಲಿಕ ಅಂಕಿಗಳನ್ನು ಬೇರ್ಪಡಿಸಿ ನೋಡಲಿ. ಅರೆಕಾಲಿಕದವರೇ ತುಂಬಿದ್ದರೆ ಹಗಲು ಲ್ಯಾಬ್ ಖಾಲಿ ಎಂದೇ ಅರ್ಥ. 2022ರ ಯುಜಿಸಿ ನಿಯಮದ ಪ್ರಕಾರ ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅವಧಿ ಕನಿಷ್ಠ 3 ವರ್ಷ. ಮಾರ್ಗದರ್ಶಕರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಡುದಾರಿಯಲ್ಲಿ ಗೈಡ್ ಕಳೆದುಕೊಳ್ಳುವವರು ಇದನ್ನು ಮೊದಲೇ ಕೇಳದವರು.

ಇನ್ನು ಅಧ್ಯಾಪಕರ ಪಟ್ಟಿ. ವಯಸ್ಸು, ವಿದ್ಯಾರ್ಹತೆ, ತಿಂಗಳುಗಳಲ್ಲಿ ಅನುಭವ, ಸೇರಿದ ದಿನಾಂಕ ಎಲ್ಲ ಅಲ್ಲಿರುತ್ತದೆ. ನಿಮ್ಮ ವಿಭಾಗದವರಲ್ಲಿ ಅರ್ಧದಷ್ಟು ಜನ ಕಳೆದ ಎರಡು ವರ್ಷದಲ್ಲೇ ಸೇರಿದವರಾದರೆ ಹಳಬರು ಯಾಕೆ ಬಿಟ್ಟರು ಎಂದು ಕ್ಯಾಂಪಸ್ ಸುತ್ತಾಡಿಸುವವರನ್ನು ಕೇಳಬೇಡಿ, ಕ್ಯಾಂಟೀನಿನಲ್ಲಿ ಕುಳಿತ ಮೂರನೇ ವರ್ಷದವರನ್ನು ಕೇಳಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರಿಗೆ ಮೊದಲ ಸೆಮಿಸ್ಟರಿನಲ್ಲಿ ಬ್ರಿಡ್ಜ್ ತರಗತಿ ಇದೆಯೇ, ಅದು ಟೈಮ್‌ಟೇಬಲ್‌ನೊಳಗೇ ಇದೆಯೇ ಅಥವಾ ಸಂಜೆ ಬಸ್ಸು ಹೊರಟ ಮೇಲೆಯೇ ಎಂಬುದೂ ಅವರಿಗೇ ಗೊತ್ತಿರುತ್ತದೆ.