ಧಣಿ ಊಟಕ್ಕೆ ಬಂದ ಮೇಲೆ

ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದ ದಂಪತಿಯಲ್ಲಿ ಗಂಡ ತಮ್ಮ ಮಾಲೀಕರನ್ನು ‘ನಮ್ಮ ಧಣಿ’ ಎಂದಾಗಲೆಲ್ಲ ನಾನು ಪುಸ್ತಕದ ಅಂಚಿನಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದೆ. ಹೆಂಡತಿ ಬಾಯಿ ತೆರೆಯುವ ಹೊತ್ತಿಗೆ 19 ಗೆರೆಗಳಾಗಿದ್ದವು. ಧಣಿಯ ಹೊಸ ಕಾರು, ಧಣಿಯ ಕೈಗುಣ, ಮಂಗಳೂರಿನ ಬೈಕಂಪಾಡಿಯಲ್ಲಿ ಧಣಿ ಎಬ್ಬಿಸಿದ ಎರಡನೇ ಶೆಡ್ಡು. ಹೆಂಡತಿಯ ಮನಸ್ಸು ಆ ಮನುಷ್ಯನ ಕಡೆ ವಾಲಿದೆ ಎಂದು ದೂರು ಹೊತ್ತು ತಂದವರೂ ಇವರೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬಿಜೈಯಲ್ಲೋ ಕಂಕನಾಡಿಯಲ್ಲೋ ಹುಡುಕಲು ಹೊರಡಬೇಡಿ ಮಾರಾಯ್ರೆ.

ನಡೆದದ್ದು ಇಷ್ಟೆ. ಧಣಿ ಎರಡು ಸಲ ಮನೆಗೆ ಊಟಕ್ಕೆ ಬಂದಿದ್ದರು. ಕೋರಿ ರೊಟ್ಟಿಗೆ ಸಾರು ಬಡಿಸುತ್ತಿದ್ದ ಆಕೆಯನ್ನು ತಲೆಯೆತ್ತಿ ನೋಡಿ, “ಮದುವೆಗೆ ಮುಂಚೆ ನೀವು ಎಂಥ ಮಾಡ್ತಿದ್ದದ್ದು?” ಎಂದು ಕೇಳಿದರು. 11 ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಆಕೆಯನ್ನು ಅದು ಕೇಳಿರಲಿಲ್ಲ. ಆಮೇಲೆ ನಾಲ್ಕಾರು ವಾಟ್ಸಾಪ್ ಮೆಸೇಜು. ಒಂದು ರಾತ್ರಿ ಆಕೆಯೇ ಫೋನನ್ನು ಗಂಡನ ಕೈಗೆ ಕೊಟ್ಟು, “ಇವರ ಮೆಸೇಜ್ ಬಂದರೆ ಖುಷಿ ಆಗ್ತದೆ, ಹೆದರಿಕೆಯೂ ಆಗ್ತದೆ” ಎಂದರು. ಅಂದಿನಿಂದ ಗಂಡನಿಗೆ ನಿದ್ದೆಯಿಲ್ಲ.

ಖುಷಿ ಮತ್ತು ಹೆದರಿಕೆ ಒಟ್ಟಿಗೇ ಬಂದದ್ದು ನನಗೆ ಮುಖ್ಯ ಅನಿಸಿತು. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಸೇತುವೆಯಲ್ಲಿ ಗಂಡಸರನ್ನು ಮಾತಾಡಿಸಿದ ಯುವತಿ ತನ್ನ ನಂಬರು ಕೊಟ್ಟಿದ್ದಳು. ಗಟ್ಟಿಯಾದ ತಗ್ಗು ಸೇತುವೆ ದಾಟಿದವರಿಗಿಂತ ತೂಗಾಡುವ ಸೇತುವೆಯವರೇ ಹೆಚ್ಚು ಮಂದಿ ಆಮೇಲೆ ಫೋನು ಮಾಡಿದರು. ಎದೆ ಡವಗುಟ್ಟಿದ್ದು ಭಯಕ್ಕೋ ಆಸೆಗೋ ಎಂದು ಮೈಗೆ ಸದಾ ತಿಳಿಯುವುದಿಲ್ಲ. ಗಂಡನ ಸಂಬಳ, ಫ್ಲಾಟಿನ ಕಂತು ಯಾರ ಕೈಯಲ್ಲುಂಟೋ ಅವರು ಎದುರು ಕೂತರೆ ಅದೂ ಒಂದು ತೂಗುಸೇತುವೆಯೇ. ನಮ್ಮಲ್ಲಂತೂ ‘ಧಣಿ’ ಎಂಬ ಮಾತೇ ಭಾರ. ಭೂಮಸೂದೆ ಬಂದು ಗೇಣಿ ಹೋಯಿತು, ಧಣಿ ಎನ್ನುವಾಗ ಬಾಗುವ ಬೆನ್ನು ಹೋಗಲಿಲ್ಲ. ವೀಸಾ ಮಾಲೀಕನ ಕೈಯಲ್ಲಿರುವ ಗಲ್ಫಿನ ಸಂಸಾರಗಳಲ್ಲೂ ಇದನ್ನು ಕಂಡಿದ್ದೇನೆ.

ಗಂಡನಿಗೆ ನಾನು ನೇರವಾಗಿಯೇ ಹೇಳಿದೆ. ಫೋನು ಕೈಗೆ ಕೊಟ್ಟದ್ದು ವಿಶ್ವಾಸದ್ರೋಹವಲ್ಲ. ಅದಕ್ಕೆ ಶಿಕ್ಷೆ ಕೊಟ್ಟರೆ ಇನ್ನೊಮ್ಮೆ ಫೋನು ನಿಮ್ಮ ಕೈಗೆ ಬರುವುದಿಲ್ಲ. ನಿಮಗೆ ಸಿಟ್ಟಿರುವುದು ಧಣಿಯ ಮೇಲೆ. ಅಲ್ಲಿ ತೋರಿಸಲಾಗದ್ದನ್ನು ಮನೆಗೆ ತಂದು ಸುರಿಯುತ್ತಿದ್ದೀರಿ. ಅವರು ನೆಲ ನೋಡುತ್ತ, “ಅಲ್ಲಿ ಮಾತಾಡಿದ್ರೆ ಕೆಲಸ ಹೋಗ್ತದೆ” ಎಂದರು. ಅದು ಸುಳ್ಳಲ್ಲ.

ಕೇಸು ಹಾಕಬಹುದಾ ಎಂದೂ ಕೇಳಿದರು. ವ್ಯಭಿಚಾರ 2018ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ, ಇಲ್ಲಿ ಅದು ನಡೆದೂ ಇಲ್ಲ. ಕೆಲಸದ ಜಾಗದಲ್ಲಿ ಮಾಲೀಕನೇ ಹದ್ದು ಮೀರಿದರೆ ಮಾತ್ರ 2013ರ ಲೈಂಗಿಕ ಕಿರುಕುಳ ಕಾಯ್ದೆಯಡಿ 3 ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು, ದೂರು ಕೊಡುವವಳು ಅಲ್ಲಿನ ನೌಕರಳೇ ಆಗಿರಬೇಕಿಲ್ಲ.

ನಾಲ್ಕನೇ ಭೇಟಿಯಲ್ಲಿ ಗೆರೆಗಳು ಮೂರಕ್ಕೆ ಇಳಿದಿದ್ದವು. ಎದ್ದು ಹೊರಡುವಾಗ ಗಂಡ ನನ್ನನ್ನೇ ಕೇಳಿದರು: “ಆದಿತ್ಯವಾರ ಪುನಃ ಊಟಕ್ಕೆ ಬರ್ತೇನೆ ಅಂದಿದ್ದಾರೆ, ಎಂಥ ಹೇಳುವುದು?”

ಉತ್ತರ ಹೆಂಡತಿಯಿಂದ ಬಂತು. “ನಮಗೆ ಕುದ್ರೋಳಿ ದೇವಸ್ಥಾನಕ್ಕೆ ಹೋಗ್ಲಿಕ್ಕುಂಟು ಅಂತ ಹೇಳಿ. ನೀವೇ ಹೇಳಿ.”