ಕಾಲ್ಬೆರಳು ಮುಟ್ಟುವ ಹಟ ಬಿಡಿ

ಯೋಗ ತರಗತಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುವುದು ಇದನ್ನು: ‘ಗುರುಗಳೇ, ನನ್ನ ಕೈ ಕಾಲ್ಬೆರಳಿಗೆ ಯಾವಾಗ ಮುಟ್ಟುತ್ತದೆ?’ ಜೂನ್ 21ರ ಯೋಗ ದಿನ ಕಳೆದ ಮೇಲಂತೂ ಹೀಗೆ ಕೇಳುವವರು ಹೆಚ್ಚು. ನಾನು ಉತ್ತರಿಸುವ ಮೊದಲೇ ಉಸಿರು ಬಿಗಿಹಿಡಿದು, ಬೆನ್ನು ಗೂನು ಮಾಡಿಕೊಂಡು ಜಗ್ಗತೊಡಗಿರುತ್ತಾರೆ. ಪಕ್ಕದವರು ಮುಟ್ಟಿಬಿಟ್ಟರೆ ಇನ್ನೂ ಜೋರು. ನೋಡಿ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ.

ನಿಂತು ಮುಂದಕ್ಕೆ ಬಾಗುವ ಪಾದಹಸ್ತಾಸನವಾಗಲಿ, ಕಾಲು ಚಾಚಿ ಕುಳಿತು ಬಾಗುವ ಪಶ್ಚಿಮೋತ್ತಾನಾಸನವಾಗಲಿ, ಬಾಗುವುದು ತೊಡೆಸಂದಿನಿಂದ ಶುರುವಾಗಬೇಕು. ತೊಡೆಯ ಹಿಂಬದಿಯ ಸ್ನಾಯುಗಳು ಕುಳಿತಾಗ ನೆಲಕ್ಕೆ ಒತ್ತುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಸೇರುತ್ತವೆ. ದಿನವಿಡೀ ಕುರ್ಚಿಯಲ್ಲಿರುವವರಲ್ಲಿ ಅವು ಸಾಮಾನ್ಯವಾಗಿ ಬಿಗಿದಿರುತ್ತವೆ. ಮಂಡಿ ನೆಟ್ಟಗಿಟ್ಟು ಬಾಗಿದರೆ ಸೊಂಟದ ಮೂಳೆಯನ್ನು ಹಿಂದಕ್ಕೆ ಹಿಡಿದಿಡುತ್ತವೆ. ಅದು ಮುಂದಕ್ಕೆ ವಾಲದಿದ್ದಾಗ ಉಳಿದ ದೂರವನ್ನೆಲ್ಲ ಕೆಳಬೆನ್ನೇ ಬಗ್ಗಿ ತುಂಬಬೇಕು. ಬೆನ್ನುಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳ ಮೇಲೆ ಒತ್ತಡ ಬೀಳುವುದು ಆಗಲೇ. ಬೆರಳೇನೋ ಸಿಕ್ಕಿತು, ಆದರೆ ಹಿಗ್ಗಬೇಕಾದ ಸ್ನಾಯು ಹಿಗ್ಗಿರುವುದಿಲ್ಲ.

ಆದ್ದರಿಂದ ಮಂಡಿ ಮಡಿಸಿ. ಹೊಟ್ಟೆ ತೊಡೆಗೆ ತಾಗುವಷ್ಟು ಧಾರಾಳವಾಗಿ ಮಡಿಸಿ, ಬೆನ್ನನ್ನು ಉದ್ದವಾಗಿ ಇಟ್ಟುಕೊಳ್ಳಿ. ಕುಳಿತು ಮಾಡುವಾಗ ಪೃಷ್ಠದ ಕೆಳಗೆ ಮಡಿಸಿದ ಕಂಬಳಿ ಹಾಕಿದರೆ ಸೊಂಟ ಮುಂದಕ್ಕೆ ವಾಲುವುದು ಸುಲಭ. ಅಂಗಾಲಿಗೆ ಟವೆಲ್ ಹಾಕಿ ಅದರ ತುದಿಗಳನ್ನು ಹಿಡಿದರೆ ಸಾಕು. ಇದು ‘ಸುಳ್ಳು ಆಸನ’ ಎಂದು ಮುಖ ಸಣ್ಣದು ಮಾಡಿಕೊಳ್ಳುವವರಿದ್ದಾರೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರಿಂದ ಕಲಿತು, ಪುಣೆಯಲ್ಲಿ ನೆಲೆಸಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು ಕಂಬಳಿ, ಪಟ್ಟಿ, ಮರದ ತುಂಡು, ಕುರ್ಚಿಗಳನ್ನು ಅಭ್ಯಾಸದ ಭಾಗವನ್ನಾಗಿಯೇ ಮಾಡಿ ಜಗತ್ತಿಗೆ ಕಲಿಸಿದರು. ಅವರು ಒಪ್ಪಿದ್ದು ನಮಗೆ ಅವಮಾನವಾಗಬೇಕಿಲ್ಲ.

ಮಂಡ್ಯದ ಕಡೆಯ ಹಿರಿಯ ಹೆಂಗಸೊಬ್ಬರು ನಮ್ಮ ತರಗತಿಗೆ ಬಂದ ಮೊದಲ ದಿನವೇ ಬೆನ್ನು ಚಪ್ಪಟೆಯಾಗಿಟ್ಟು ಸಲೀಸಾಗಿ ಬಾಗಿದರು. ಪಕ್ಕದಲ್ಲಿದ್ದ ಬ್ಯಾಂಕ್ ಉದ್ಯೋಗಿ ಹುಡುಗ ‘ಅಮ್ಮಾ, ಮೊದಲೇ ಕಲಿತಿದ್ದಿರಾ?’ ಎಂದು ಬೆರಗಾದ. ‘ಗದ್ದೆಯಲ್ಲಿ ನಾಟಿ ಮಾಡುವಾಗ ಹೀಗೇ ಬಗ್ಗುತ್ತಿದ್ದೆವು ಕಣಪ್ಪ’ ಎಂದರು ಅವರು. ನಾಟಿ ಕೆಲಸ ಬೆನ್ನಿಗೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದೇ ಕೆಲಸದಿಂದ ನಡು ನೋವು ಹತ್ತಿಸಿಕೊಂಡವರನ್ನೂ ನೋಡಿದ್ದೇನೆ. ಆದರೆ ಎಲ್ಲಿಂದ ಬಾಗಬೇಕೆಂದು ಆ ತಾಯಿಯ ದೇಹಕ್ಕೆ ಗೊತ್ತಿತ್ತು. ಹುಡುಗ ಅಂದಿನಿಂದ ಮಂಡಿ ಮಡಿಸಲು ಒಪ್ಪಿಕೊಂಡ.

ಎಷ್ಟು ದಿನ ಮಡಿಸಬೇಕು? ಕೆಲವರಿಗೆ ತಿಂಗಳುಗಳು ಬೇಕು. ಕೆಲವರಿಗೆ ಮೈಕಟ್ಟಿನ ಕಾರಣಕ್ಕೆ ಬೆರಳು ಎಂದಿಗೂ ಸಿಗದಿರಬಹುದು, ಅದರಿಂದ ನಷ್ಟವೇನೂ ಇಲ್ಲ. ತೊಡೆಯ ನಡುಭಾಗದಲ್ಲಿ ಹದವಾದ ಎಳೆತ ಸರಿ. ಮಂಡಿಯ ಹಿಂದೆ ಚುಚ್ಚಿದರೆ, ಕಾಲಿನುದ್ದಕ್ಕೂ ಜೋಮು ಇಳಿದರೆ ಕೂಡಲೇ ನಿಲ್ಲಿಸಿ. ಡಿಸ್ಕ್ ತೊಂದರೆ, ಮೂಳೆ ಸವೆತ, ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮುಂದಕ್ಕೆ ಬಾಗುವ ಆಸನಗಳನ್ನು ಆರಂಭಿಸುವ ಮೊದಲೇ ವೈದ್ಯರನ್ನು ಕಾಣಬೇಕು, ಕಲಿಸುವವರಿಗೂ ಆ ವಿಷಯ ತಿಳಿಸಬೇಕು.