ಕಾಡಂಚಿನ ಬೀಳು ಜಮೀನಿನಲ್ಲಿ ಜಿಂಕೆಗೆ ಮೇವು ಹೇಗೆ?

ಓದುಗರ ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ಕಾಡಿಗೆ ತಾಗಿ ನಮ್ಮ ಬೀಳು ಜಮೀನು ಇದೆ. ಬೇಸಿಗೆಯಲ್ಲಿ ಜಿಂಕೆ, ನಾಲ್ಕು ಕೊಂಬಿನ ಕೊಂಡುಕುರಿ ಬರುತ್ತವೆ. ಅವಕ್ಕೆ ಮೆಕ್ಕೆಜೋಳ ಹಾಕಬಹುದಾ?

ಉತ್ತರ: ದಯವಿಟ್ಟು ಹಾಕಬೇಡಿ. ಹುಲ್ಲು, ಸೊಪ್ಪಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಒಳಗೆ ಹುಳಿಯಾಗಿ ಪ್ರಾಣಿ ಸತ್ತೇ ಹೋಗಬಹುದು. ಜೋಳದ ಚೀಲಕ್ಕೆ ಬಾಯಿ ಹಾಕಿದ ಎಮ್ಮೆಯ ಪಾಡು ನೀವೂ ನೋಡಿರುತ್ತೀರಿ, ಅಲ್ವಾ? ಜೊತೆಗೆ ದನ, ಕುರಿ, ಜಿಂಕೆ ಎಲ್ಲ ಒಂದೇ ಕಡೆ ಮೇಯ್ದರೆ ಕಾಲುಬಾಯಿ ಜ್ವರ ಹರಡೋದು ಸುಲಭ.

ಬೇಕಾದ ಮೇವು ನಿಮ್ಮ ನೆಲದಲ್ಲೇ ಇದೆ. ಬದುವಿನ ಎಲಚಿ, ಕಾರೆ, ಕವಳೆ ಪೊದೆಗಳನ್ನು ಸುಮ್ನೆ ಸವರಿ ಹಾಕಬೇಡಿ. ಚಳಿಗಾಲದಲ್ಲಿ ಎಲಚಿ ಹಣ್ಣು ಉದುರುತ್ತದೆ. ಹುಲ್ಲು ಒಣಗುವ ಹೊತ್ತಿಗೆ ಮುತ್ತುಗದ ಹೂವು, ಆಮೇಲೆ ಜಾಲಿಕಾಯಿ. ಮಳೆ ಬಿದ್ದರೆ ಗರಿಕೆ ತಾನಾಗೇ ಚಿಗುರುತ್ತದೆ. ಒಣಹುಲ್ಲಿಗೆ ಬೆಂಕಿ ಮಾತ್ರ ಇಡಬೇಡಿ.

ತೆಗೆಯಬೇಕಾದ್ದು ಬಳ್ಳಾರಿ ಜಾಲಿ ಮತ್ತು ಲಂಟಾನ. ಇವು ಹಬ್ಬಿದ ಕಡೆ ಹುಲ್ಲು ಏಳೋದಿಲ್ಲ. ಬಳ್ಳಾರಿ ಜಾಲಿಯನ್ನು ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರು ಸಮೇತ ಅಗೆಯಿರಿ. ಅದೂ ಕಾಯಿ ಹಣ್ಣಾಗುವ ಮೊದಲೇ. ದನಕರು ಕಾಯಿ ತಿಂದು ಸಗಣಿ ಹಾಕಿದಲ್ಲೆಲ್ಲ ಬೀಜ ಮೊಳೆಯುತ್ತದೆ.

ಕೊಂಡುಕುರಿಗೆ ಇನ್ನೂ ಒಂದು ವಿಷಯ ಮುಖ್ಯ. ಇದು ನಿಜಕ್ಕೂ ಜಿಂಕೆಯಲ್ಲ, ದನ, ಕುರಿಗಳ ಕುಲಕ್ಕೆ ಸೇರಿದ್ದು. ನಾಲ್ಕು ಕೊಂಬು ಇರೋದು ಗಂಡಿಗೆ ಮಾತ್ರ. ನಿಮ್ಮ ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಜೀವಿಧಾಮ ಮಾಡಿದ್ದೇ ಇದಕ್ಕಾಗಿ. ಇದು ಹಿಂಡು ಕಟ್ಟೋದಿಲ್ಲ, ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಪೊದೆ ಮರೆಯಲ್ಲೇ ಓಡಾಡುತ್ತದೆ. ಮರಿಯನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸಿಟ್ಟು ತಾಯಿ ಮೇಯಲು ಹೋಗುತ್ತದೆ. ಹಾಗಾಗಿ ಹುಲ್ಲು ಕೊಯ್ಯುವಾಗ ಎಲ್ಲವನ್ನೂ ಒಂದೇ ಸಲ ಬೋಳು ಮಾಡಬೇಡಿ, ಪೊದೆ ಪಕ್ಕದ ಪಟ್ಟಿಯನ್ನು ಹಾಗೇ ಬಿಡಿ. ಮರಿ ಒಂದೇ ಕಂಡರೆ ತಬ್ಬಲಿ ಅಂತ ಎತ್ತಿಕೊಂಡು ಬರಬೇಡಿ. ನಾಯಿಗಳನ್ನೂ ಆ ಕಡೆ ಬಿಡಬೇಡಿ.

ಕೊಂಡುಕುರಿಗೆ ನೀರು ಹತ್ತಿರದಲ್ಲೇ ಇರಬೇಕು. ನಿಮ್ಮಲ್ಲಿ ಕೃಷಿ ಹೊಂಡ ಇದ್ದರೆ ಒಮ್ಮೆ ನೋಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಬಿದ್ದ ಪ್ರಾಣಿಯ ಗೊರಸು ಜಾರುತ್ತದೆ, ಮೇಲೆ ಬರಲಾಗದೆ ಮುಳುಗುತ್ತದೆ. ಹೊಂಡದ ಸುತ್ತ ಬೇಲಿ ಹಾಕಿ. ಕುಡಿಯೋಕೆ ಪೊದೆ ಹತ್ತಿರ ಬೇರೆಯೇ ಒಂದು ತಗ್ಗು ತೊಟ್ಟಿ ಕಟ್ಟಿಸಿ, ಒಳಗೆ ಇಳಿಜಾರು ಕೊಟ್ಟು ಒರಟು ಕಲ್ಲು ಹಾಸಿ.